ಸುರುಳಿಗೂದಲ ಹ್ಯಾಮ್‌ಸ್ಟರ್‌ಗೆ ಬಣಕಲ್ ಮಳೆಗಾಲ ದಾಟಿಸುವುದು ಹೇಗೆ?

ಮಲೆನಾಡಿನ ಮನೆಗೆ ಹ್ಯಾಮ್‌ಸ್ಟರ್ ತಂದರೆ ಮೊದಲ ಪ್ರಶ್ನೆ ಅಜ್ಜಿಯದ್ದು: ‘ಇಲಿ ಹಿಡಿಯಕ್ಕೆ ಅಂತ ಬೆಕ್ಕು ಸಾಕಿದೀವಿ, ನೀನು ದುಡ್ಡು ಕೊಟ್ಟು ಇಲಿ ತಂದ್ಯಾ?’ ಪ್ರಶ್ನೆ ನ್ಯಾಯವಾದದ್ದೇ. ಆದರೆ ಬಣಕಲ್, ಕೊಟ್ಟಿಗೆಹಾರದ ಕಡೆ ಅದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಬಟ್ಟೆಯೇ ಒಣಗದ ಊರಲ್ಲಿ, ಒಣ ಸೀಮೆಯ ಪ್ರಾಣಿಯೊಂದನ್ನು ಒಣಗಿಸಿ ಇಡೋದು ಹೇಗೆ? ಅದು ಸುರುಳಿಗೂದಲಿನದ್ದಾದರೆ ಕಷ್ಟ ಇನ್ನಷ್ಟು.

ಸಾಕುವ ಹ್ಯಾಮ್‌ಸ್ಟರ್‌ಗಳಲ್ಲಿ ದೊಡ್ಡದು ಸಿರಿಯನ್ ಜಾತಿ. 1930ರಲ್ಲಿ ಇಸ್ರೇಲ್ ಅಹರೋನಿ ಎಂಬ ಪ್ರಾಣಿಶಾಸ್ತ್ರಜ್ಞ ಸಿರಿಯಾದ ಅಲೆಪ್ಪೊ ಬಳಿ ಹೊಲದ ಬಿಲ ಅಗೆಸಿ ಒಂದು ತಾಯಿ ಮತ್ತು ಅದರ ಮರಿಗಳನ್ನು ಹಿಡಿದರು. ಇವತ್ತು ಪಂಜರಗಳಲ್ಲಿರುವ ಸಿರಿಯನ್ ಹ್ಯಾಮ್‌ಸ್ಟರ್‌ಗಳೆಲ್ಲ ಬಹುಪಾಲು ಆ ಒಂದೇ ಕುಟುಂಬದ ಸಂತಾನ. ಕೂದಲು ಸುರುಳಿಯಾಗುವ ‘ರೆಕ್ಸ್’ ಗುಣ ಆಮೇಲೆ ಸಾಕಣೆಯಲ್ಲಿ ಕಾಣಿಸಿಕೊಂಡ ಜೀನ್ ಬದಲಾವಣೆ. ಇದು ಅಡಗಿರುವ ಗುಣ. ಅಪ್ಪ ಅಮ್ಮ ಇಬ್ಬರದ್ದೂ ನೇರ ಕೂದಲಾಗಿದ್ದು, ಇಬ್ಬರಲ್ಲೂ ಆ ಜೀನ್‌ನ ಒಂದೊಂದು ಪ್ರತಿ ಇದ್ದರೆ, ಸರಾಸರಿ ನಾಲ್ಕು ಮರಿಗಳಲ್ಲಿ ಒಂದು ಸುರುಳಿಯದ್ದಾಗುತ್ತೆ.

ಮಾರುವವರು ಇದನ್ನು ಚಂದ ಅಂತ ಮಾರುತ್ತಾರೆ. ಸಾಕುವವರು ಇದನ್ನು ಒಂದು ಕೊರತೆ ಅಂತ ತಿಳಿದುಕೊಂಡರೆ ಪ್ರಾಣಿಗೆ ಒಳ್ಳೆಯದು. ಕೂದಲು ಒತ್ತಾಗಿ ಮೈಗಂಟಿ ಮಲಗಲ್ಲ, ಮೇಲೆದ್ದು ನಿಲ್ಲುತ್ತೆ; ಕೆಲವಕ್ಕೆ ವಯಸ್ಸಾದಂತೆ ತೆಳುವೂ ಆಗುತ್ತೆ. ಮೀಸೆಯೂ ಸುರುಳಿ. ಹ್ಯಾಮ್‌ಸ್ಟರ್‌ಗೆ ಕಣ್ಣು ಮಂದ, ದಾರಿ ಹುಡುಕೋದು ಮೂಗು ಮತ್ತು ಮೀಸೆಯಿಂದ. ಹಾಗಾಗಿ ಇವಕ್ಕೆ ಎರಡು ಮೂರು ಅಂತಸ್ತಿನ ಪಂಜರ ಬೇಡ, ಬಿದ್ದರೆ ಕಾಲು ಮುರಿಯುತ್ತೆ. ರೆಪ್ಪೆಗೂದಲು ಒಳಕ್ಕೆ ತಿರುಗಿ ಕಣ್ಣು ಉಜ್ಜುವುದೂ ಉಂಟು. ಅದಕ್ಕೇ ಜವಾಬ್ದಾರಿ ಇರುವ ತಳಿಗಾರರು ಎರಡು ರೆಕ್ಸ್‌ಗಳನ್ನು ಜೋಡಿ ಮಾಡಲ್ಲ. ಬೆಳಿಗ್ಗೆ ಕಣ್ಣು ಅಂಟಿಕೊಂಡಿದೆಯಾ, ನೀರು ಸುರಿಯುತ್ತಿದೆಯಾ ಅಂತ ದಿನಾ ನೋಡಬೇಕು.

ಈಗ ತೇವದ ವಿಷಯ. ಇದಕ್ಕೆ ಹಿತವಾದ ಉಷ್ಣಾಂಶ ಸುಮಾರು 18ರಿಂದ 24 ಡಿಗ್ರಿ, ತೇವಾಂಶ ಶೇ 40ರಿಂದ 60. ಉಷ್ಣಾಂಶದಲ್ಲಿ ಬಣಕಲ್ ಪರವಾಗಿಲ್ಲ, ಬೆಂಗಳೂರಿನ ಏಪ್ರಿಲ್‌ಗಿಂತ ಎಷ್ಟೋ ವಾಸಿ. ಸೋಲುವುದು ತೇವಾಂಶದಲ್ಲಿ. ತೇವಾಂಶ ಅಳೆಯುವ ಪುಟ್ಟ ಮೀಟರ್ ಆನ್‌ಲೈನ್‌ನಲ್ಲಿ ಸಿಗುತ್ತೆ, ಪಂಜರದ ಪಕ್ಕ ಒಂದು ಇಡಿ. ಜುಲೈನಲ್ಲಿ ಅದು ತೋರಿಸುವ ಅಂಕಿ ನೋಡಿದ ಮೇಲೆ ಯಾರ ಉಪದೇಶವೂ ಬೇಕಾಗಲ್ಲ. ಪಂಜರ ಹೊರಗೋಡೆಗೆ ತಾಗಿರಬಾರದು, ನೆಲದ ಮೇಲೂ ಬೇಡ. ಬಟ್ಟೆ ಒಣಗಿಸುವ ಬಚ್ಚಲೊಲೆ ಹತ್ತಿರ ಇಡುವ ಆಸೆ ಆಗುತ್ತೆ, ಆದರೆ ಹೊಗೆ ಇದರ ಶ್ವಾಸಕೋಶಕ್ಕೆ ಆಗಲ್ಲ. ಬಲ್ಬ್ ಶಾಖ ನಂಬೋಣ ಅಂದರೆ ಕರೆಂಟು ಯಾವಾಗ ಹೋಗುತ್ತೋ ಗೊತ್ತಿಲ್ಲ. ಉಳಿಯುವ ದಾರಿ ಹಾಸನ್ನು ಒಣಗಿಸಿ ಇಡುವುದು. ಮುದ್ರಣವಿಲ್ಲದ ಕಾಗದದ ಚೂರನ್ನು ಒಂದಡಿಯಷ್ಟು ಆಳ ತುಂಬಿ. ಉಚ್ಚೆ ಮಾಡುವ ಮೂಲೆ ಒಂದೇ ಇರುತ್ತೆ, ಅಲ್ಲಿಯದ್ದನ್ನು ದಿನಾ ತೆಗೆದು ಒಣ ಹಾಸು ಹಾಕಿ. ಬಿಲದೊಳಗೆ ಬಚ್ಚಿಟ್ಟ ತರಕಾರಿ ಚೂರಿಗೆ ಎರಡೇ ದಿನದಲ್ಲಿ ಬೂಷ್ಟು ಹಿಡಿಯುತ್ತೆ, ಅದನ್ನೂ ಹುಡುಕಿ ತೆಗೆಯಿರಿ.

ಪುಕ್ಕಟೆ ಸಿಗುತ್ತೆ ಅಂತ ಕಾಫಿ ಸಿಪ್ಪೆ ಹಾಸಬೇಡಿ. ಅದರಲ್ಲಿ ಕೆಫೀನ್ ಇದೆ, ಸಣ್ಣ ಪ್ರಾಣಿಗೆ ಅದು ವಿಷ. ಸಾಮಿಲ್‌ನ ನುಣ್ಣನೆ ಮರದ ಹೊಟ್ಟು ಮೂಗಿಗೆ ಹೋಗುತ್ತೆ, ಅದೂ ಬೇಡ. ನೀರಿನ ಸ್ನಾನವಂತೂ ಬೇಡವೇ ಬೇಡ. ಅಗಲ ಬಟ್ಟಲಲ್ಲಿ ಬಾಣಲೆಯಲ್ಲಿ ಹುರಿದು ಆರಿಸಿದ ಸಣ್ಣ ಮರಳು ಇಟ್ಟರೆ ತಾನೇ ಹೊರಳಿ ಎಣ್ಣೆ ಜಿಡ್ಡು ಕಳೆದುಕೊಳ್ಳುತ್ತೆ. ಉದ್ದ ಕೂದಲಿನ ರೆಕ್ಸ್ ಆದರೆ ಗಂಟು ಕಟ್ಟುತ್ತೆ. ಮೆತ್ತನೆ ಹಲ್ಲುಜ್ಜುವ ಬ್ರಷ್‌ನಿಂದ ಬಿಡಿಸಬಹುದು, ಬಿಡದಿದ್ದರೆ ಗಂಟನ್ನಷ್ಟೇ ಕತ್ತರಿಸಿ.

ಉಳಿದದ್ದು ಎಲ್ಲ ಸಿರಿಯನ್ ಹ್ಯಾಮ್‌ಸ್ಟರ್‌ಗೂ ಒಂದೇ. ಒಂದು ಪಂಜರಕ್ಕೆ ಒಂದೇ ಪ್ರಾಣಿ, ಜೊತೆ ಬೇಕಲ್ವಾ ಅಂತ ಇನ್ನೊಂದು ತಂದರೆ ಕಚ್ಚಾಡಿ ಸಾಯುತ್ತವೆ. ನೆಲದ ಜಾಗ ಕನಿಷ್ಠ ಒಂದು ಮೀಟರ್ ಉದ್ದ, ಅರ್ಧ ಮೀಟರ್ ಅಗಲ. ಓಡುವ ಚಕ್ರ ಸುಮಾರು 28 ಸೆಂ.ಮೀ., ಸರಳುಗಳಿಲ್ಲದ ಗಟ್ಟಿ ತಳದ್ದು. ದಿನಕ್ಕೆ ಸುಮಾರು 10 ಗ್ರಾಂ ಒಣ ಆಹಾರ ಸಾಕು. ಹ್ಯಾಮ್‌ಸ್ಟರ್ ಫುಡ್ ಜೊತೆ ಸ್ವಲ್ಪ ರಾಗಿ, ಜೋಳ, ಕುಂಬಳಬೀಜ ಕೊಡಬಹುದು. ಈರುಳ್ಳಿ, ಬೆಳ್ಳುಳ್ಳಿ, ಕಿತ್ತಳೆ ಬೇಡ.

ಕೂದಲು ತೆಳುವಾದರೆ ‘ರೆಕ್ಸ್ ಇರೋದೇ ಹಾಗೆ’ ಅಂತ ಬಿಡುವುದು ಸಾಮಾನ್ಯ ತಪ್ಪು. ಚರ್ಮದಲ್ಲಿ ಹೊಟ್ಟು, ತುರಿಕೆ, ಬೊಕ್ಕ ಮಚ್ಚೆ ಇದ್ದರೆ ಅದು ನುಸಿ ಇರಬಹುದು. ಬಾಲದ ಬುಡ ಒದ್ದೆಯಾಗಿ ಭೇದಿ ಇದ್ದರೆ ಒಂದು ದಿನವೂ ಕಾಯುವಂತಿಲ್ಲ. ನಮ್ಮ ಕಡೆಯ ಪಶುವೈದ್ಯರ ಕೈಗೆ ದಿನವಿಡೀ ಬರೋದು ದನ, ಎಮ್ಮೆ, ನಾಯಿ. ಹಾಗಾಗಿ ಒಂದು ಮಾತು ನೀವೇ ನೆನಪಿಸಬೇಕು: ಪೆನಿಸಿಲಿನ್, ಅಮಾಕ್ಸಿಸಿಲಿನ್ ಗುಂಪಿನ ಔಷಧ ಹ್ಯಾಮ್‌ಸ್ಟರ್‌ನ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಕೊಂದು ಪ್ರಾಣಿಯನ್ನೇ ಕೊಲ್ಲಬಲ್ಲದು. ಮೆಡಿಕಲ್‌ನಿಂದ ಮಕ್ಕಳ ಸಿರಪ್ ತಂದು ಹಾಕುವವರಿಗೂ ಇದೇ ಎಚ್ಚರಿಕೆ. ಮಂಗಳೂರಿನ ವೈದ್ಯರಿಗೆ ತೋರಿಸಬೇಕಾದರೆ ಚಾರ್ಮಾಡಿ ಘಾಟಿ ಇಳಿಯಬೇಕು, ಮಳೆಗಾಲದಲ್ಲಿ ಗುಡ್ಡ ಕುಸಿದರೆ ಆ ದಾರಿ ಬಂದ್. ಸಣ್ಣ ಪ್ರಾಣಿ ನೋಡುವ ವೈದ್ಯರ ಫೋನ್ ನಂಬರ್ ಮೇ ತಿಂಗಳಲ್ಲೇ ಹುಡುಕಿ ಇಟ್ಟುಕೊಳ್ಳಿ.

ಅಜ್ಜಿಯ ಇನ್ನೊಂದು ಭಯ ಇಲಿ ಜ್ವರ. ಅದನ್ನು ನಕ್ಕು ತಳ್ಳಿಹಾಕುವಂತಿಲ್ಲ. ಕಾಡಿಲಿ, ಮನೆಯಿಲಿಯ ಉಚ್ಚೆ ಪಂಜರಕ್ಕೋ ಆಹಾರಕ್ಕೋ ಸೋಕಿದರೆ ಹ್ಯಾಮ್‌ಸ್ಟರ್‌ಗೂ ಸೋಂಕು ತಗಲಬಹುದು, ಅದರಿಂದ ನಮಗೂ. ಆಹಾರ ಮುಚ್ಚಳದ ಡಬ್ಬದಲ್ಲಿರಲಿ, ಪಂಜರ ಮುಟ್ಟಿದ ಮೇಲೆ ಮಕ್ಕಳು ಸೋಪು ಹಾಕಿ ಕೈ ತೊಳೆಯಲಿ. ಕಂಬಿ ಸಂದು ದೊಡ್ಡದಿದ್ದರೆ ಕೇರೆ ಹಾವೂ ನುಗ್ಗುತ್ತೆ.

ತರುವ ಮುಂಚೆ ಅಂಗಡಿಯವರನ್ನು ಕೇಳಿ: 2018ರ ಪೆಟ್ ಶಾಪ್ ನಿಯಮದ ಪ್ರಕಾರ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಆಗಿದೆಯಾ? ಮರಿಯ ಅಪ್ಪ ಅಮ್ಮ ಇಬ್ಬರೂ ರೆಕ್ಸಾ? ಗಂಡು ಹೆಣ್ಣು ಒಟ್ಟಿಗೆ ಇಟ್ಟಿದ್ದರಾ? ಗರ್ಭದ ಅವಧಿ ಬರೀ 16 ದಿನ, ಒಂದು ತಂದವರ ಮನೆಯಲ್ಲಿ ತಿಂಗಳೊಳಗೆ ಹತ್ತು ಆಗಿರುತ್ತೆ. ಆಯಸ್ಸು ಎರಡು, ಎರಡೂವರೆ ವರ್ಷ. ಅಂದರೆ ಈ ಅಕ್ಟೋಬರ್‌ನಲ್ಲಿ ತಂದ ಮರಿಗೆ ನೀವು ದಾಟಿಸಬೇಕಾದ ಮಳೆಗಾಲ ಎರಡು.