ಮಾತ್ರೆ ಶುರುವಾದ ಮೇಲೆ: ಲ್ಯಾಟಿನೊ ಮಕ್ಕಳ ಎಡಿಎಚ್‌ಡಿ ಚಿಕಿತ್ಸೆ ಕುರಿತು ಒಂದು ಟಿಪ್ಪಣಿ

ಅಮೆರಿಕದ ಲ್ಯಾಟಿನೊ ಮಕ್ಕಳಿಗೆ ಎಡಿಎಚ್‌ಡಿ (ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ) ಚಿಕಿತ್ಸೆ ಸರಿಯಾಗಿ ಸಿಗುತ್ತಿಲ್ಲ ಎಂಬ ಮಾತು ಬಂದಾಗಲೆಲ್ಲ ಹೆತ್ತವರ ಹಿಂಜರಿಕೆಯನ್ನು, ಮಾತ್ರೆಯ ಬಗ್ಗೆ ಅವರಿಗಿರುವ ಅಳುಕನ್ನು ಮುಂದು ಮಾಡುವುದು ವಾಡಿಕೆ. ಅಳುಕು ಇರುವುದು ನಿಜ. ಆದರೆ ಎಲ್ಲವನ್ನೂ ಅದರ ತಲೆಗೆ ಕಟ್ಟಲು ದಾಖಲೆಗಳು ಬಿಡುವುದಿಲ್ಲ.

ಪಾಲ್ ಮಾರ್ಗನ್ ಮತ್ತು ಸಂಗಡಿಗರು 2013ರಲ್ಲಿ ‘ಪೀಡಿಯಾಟ್ರಿಕ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಮಕ್ಕಳನ್ನು ಶಿಶುವಿಹಾರದಿಂದ ಎಂಟನೇ ತರಗತಿಯವರೆಗೆ ಗಮನಿಸಿತ್ತು. ಬಿಳಿಯ ಮಕ್ಕಳಿಗಿಂತ ಹಿಸ್ಪಾನಿಕ್ (ಲ್ಯಾಟಿನೊ) ಮಕ್ಕಳಲ್ಲಿ ರೋಗನಿರ್ಣಯದ ಸಂಭವಾನುಪಾತ ಶೇ 50ರಷ್ಟು ಕಡಿಮೆ. ಬಿಳಿಯ ಮಕ್ಕಳಿಗೇ ಬೇಕಾದ್ದಕ್ಕಿಂತ ಹೆಚ್ಚು ಹಣೆಪಟ್ಟಿ ಅಂಟಿಸುತ್ತಿರಬಹುದಲ್ಲ ಎಂಬುದು ನ್ಯಾಯವಾದ ಆಕ್ಷೇಪವೇ. ಬರ್ಮಿಂಗ್‌ಹ್ಯಾಮ್, ಹ್ಯೂಸ್ಟನ್, ಲಾಸ್ ಏಂಜಲಿಸ್‌ಗಳ ಮಕ್ಕಳ ಮೇಲೆ ಟುಮೈನಿ ಕೋಕರ್ ತಂಡ 2016ರಲ್ಲಿ ಪ್ರಕಟಿಸಿದ ಅಧ್ಯಯನ ರೋಗಲಕ್ಷಣಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡು ನೋಡಿತು. ಕಪ್ಪು ಮತ್ತು ಲ್ಯಾಟಿನೊ ಮಕ್ಕಳಿಗೆ ರೋಗನಿರ್ಣಯ, ಚಿಕಿತ್ಸೆ ಸಾಲದೆ ಹೋಗುತ್ತಿರುವುದೇ ಹೆಚ್ಚು ಸಂಭವನೀಯ ವಿವರಣೆ ಎಂಬುದು ಅದರ ತೀರ್ಮಾನ.

ನನಗೆ ಇವೆರಡಕ್ಕಿಂತ ಮುಖ್ಯವಾಗಿ ಕಾಣುವುದು ಜಾನೆಟ್ ಕಮಿಂಗ್ಸ್ ತಂಡದ 2017ರ ಕೆಲಸ. ಒಂಬತ್ತು ರಾಜ್ಯಗಳ ಮೆಡಿಕೇಡ್ (ಕಡಿಮೆ ಆದಾಯದವರ ಸರ್ಕಾರಿ ಆರೋಗ್ಯ ವಿಮೆ) ದಾಖಲೆ; ಎಲ್ಲರೂ ಔಷಧಿ ಶುರುಮಾಡಿದ ಮಕ್ಕಳೇ, ಅಂದರೆ ಮೊದಲ ಹೊಸಿಲು ದಾಟಿದವರು. ಔಷಧಿಯ ಜೊತೆಗೆ ಆಪ್ತಸಮಾಲೋಚನೆಯಂಥ ಚಿಕಿತ್ಸೆ ಪಡೆಯುವುದರಲ್ಲಿ ಹಿಸ್ಪಾನಿಕ್ ಮಕ್ಕಳು ಬಿಳಿಯರಿಗಿಂತ ಮುಂದಿದ್ದರು. ಆದರೂ ಔಷಧಿ ನಿಲ್ಲಿಸಿದವರ ಪ್ರಮಾಣ ಅವರಲ್ಲಿ 16.7 ಶೇಕಡಾ ಅಂಶ ಹೆಚ್ಚು. ಮಾತ್ರೆ ಬೇಡವೆಂಬ ಆಯ್ಕೆಯೊಂದೇ ಕಾರಣವಾಗಿದ್ದರೆ ಅವರು ಮಾತ್ರೆ ಬಿಟ್ಟು ಸಮಾಲೋಚನೆಯಲ್ಲಿ ಉಳಿಯಬೇಕಿತ್ತು. ಹಾಗಾಗಲಿಲ್ಲ, ಚಿಕಿತ್ಸೆಯಿಂದಲೇ ದೂರವಾದವರೂ ಅವರಲ್ಲೇ ಹೆಚ್ಚು.

ವಿಮಾ ದಾಖಲೆ ಕಾರಣ ಹೇಳುವುದಿಲ್ಲ. ಆದರೆ ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್‌ನ ಚೀಟಿಯನ್ನೇ ನೋಡಿ. ಇದು ಫೆಡರಲ್ ಕಾನೂನಿನ ಎರಡನೇ ಅನುಸೂಚಿಯ, ಅಂದರೆ ಕಟ್ಟುನಿಟ್ಟಾಗಿ ನಿಯಂತ್ರಿಸಿದ, ಔಷಧಿ. ಅದೇ ಚೀಟಿಗೆ ಮತ್ತೆ ಮಾತ್ರೆ ಕೊಡುವಂತಿಲ್ಲ. ವೈದ್ಯರು ಒಮ್ಮೆಗೇ ಹಲವು ಚೀಟಿ ಬರೆದರೂ ಒಟ್ಟು 90 ದಿನಕ್ಕೆ ಮೀರುವಂತಿಲ್ಲ. ಸಾಮಾನ್ಯವಾಗಿ ತಿಂಗಳು ತಿಂಗಳೂ ಹೊಸ ಚೀಟಿ ಬೇಕು. ಹಸಿವು ಕುಗ್ಗಿತೆ, ನಿದ್ದೆ ಕೆಟ್ಟಿತೆ ಎಂದು ವೈದ್ಯರಿಗೆ ಹೇಳಬೇಕು, ಶಿಕ್ಷಕರ ವರದಿ ತರಿಸಬೇಕು. ಗಂಟೆಗೂಲಿಯ, ಸ್ಪ್ಯಾನಿಷ್ ಮಾತ್ರ ಬಲ್ಲ ತಾಯಿಗೆ ಇದರ ಒಂದೊಂದು ಹೆಜ್ಜೆಯೂ ಅರ್ಧ ದಿನದ ಸಂಬಳ. (ಮಗುವಿನ ಲಕ್ಷಣಗಳ ಬಗ್ಗೆ ಪೋಷಕರು ತುಂಬುವ ವ್ಯಾಂಡರ್‌ಬಿಲ್ಟ್ ನಮೂನೆ ಸ್ಪ್ಯಾನಿಷ್‌ನಲ್ಲೂ ಇದೆ, ಅದನ್ನು ಓದಿ ಆ ತಾಯಿಯೊಡನೆ ಮಾತಾಡುವವರು ಚಿಕಿತ್ಸಾಲಯದಲ್ಲಿ ಇರಬೇಕಷ್ಟೆ.)

ಆದ್ದರಿಂದ ಮುಂದಿನ ಅಧ್ಯಯನಗಳು ಎಷ್ಟು ಮಕ್ಕಳಿಗೆ ರೋಗನಿರ್ಣಯವಾಯಿತು ಎಂಬಲ್ಲಿಗೇ ನಿಲ್ಲಬಾರದು. ಆರನೇ ತಿಂಗಳಲ್ಲಿ ಎಷ್ಟು ಮಕ್ಕಳು ಚಿಕಿತ್ಸೆಯಲ್ಲಿ ಉಳಿದಿದ್ದಾರೆ ಎಂದು ಎಣಿಸಬೇಕು, ಬಿಟ್ಟುಹೋದವರ ಮನೆಯವರನ್ನು ಅವರದೇ ಭಾಷೆಯಲ್ಲಿ ಕೇಳಬೇಕು.