ಕಾರಿನ ಎಕ್ಸಾಸ್ಟ್ ಕೊಳವೆ: ಲೋಹ ಮತ್ತು ಶಾಖಲೇಪ

ಎಂಜಿನ್ನಿನಲ್ಲಿ ಉರಿದ ಅನಿಲವನ್ನು ಕಾರಿನ ಹಿಂಬದಿಗೆ ಸಾಗಿಸಿ ಹೊರಬಿಡುವ ಕೊಳವೆಗಳ ಸಾಲೇ ಎಕ್ಸಾಸ್ಟ್. ಕಾರ್ಖಾನೆಯದನ್ನು ತೆಗೆದು ಬೇರೆ ಮಾಡಿಸುವವರು ಇಡೀ ಸಾಲಿಗೆ ಒಂದೇ ಲೋಹ ಕೇಳುವುದುಂಟು. ಆದರೆ ಅದರ ಎರಡು ತುದಿಗಳ ಕಷ್ಟ ಬೇರೆ ಬೇರೆ: ಎಂಜಿನ್ನಿಗೆ ಅಂಟಿದ ಮ್ಯಾನಿಫೋಲ್ಡನ್ನು ಶಾಖ ಸುಡುತ್ತದೆ, ಹಿಂದಿನ ಸೈಲೆನ್ಸರನ್ನು ನೀರು ತಿನ್ನುತ್ತದೆ.

ಪೆಟ್ರೋಲ್ ಎಂಜಿನ್ ಪೂರ್ತಿ ಹೊರೆಯಲ್ಲಿ ಓಡುವಾಗ ಮ್ಯಾನಿಫೋಲ್ಡಿಗೆ ನುಗ್ಗುವ ಅನಿಲ 800ರಿಂದ 900 ಡಿಗ್ರಿ ಸೆಲ್ಸಿಯಸ್ ಮುಟ್ಟಬಲ್ಲದು. ಬಾಲದ ತುದಿಗೆ ಬರುವಷ್ಟರಲ್ಲಿ ಬಹಳಷ್ಟು ತಣಿದಿರುತ್ತದೆ. ಇನ್ನು ನೀರು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರೇ ಹುಟ್ಟುತ್ತದೆ. ಮನೆಯಿಂದ ಮಾರುಕಟ್ಟೆಗಷ್ಟೇ ಓಡಾಡುವ ಕಾರಿನ ಸೈಲೆನ್ಸರ್ ಸರಿಯಾಗಿ ಬಿಸಿಯೇರುವುದೇ ಇಲ್ಲ. ಆವಿ ಒಳಗೇ ನೀರಾಗಿ, ಆಮ್ಲಾಂಶ ಬೆರೆತು ತಳದಲ್ಲಿ ನಿಲ್ಲುತ್ತದೆ. ಅದು ಸೋರಿಹೋಗಲೆಂದೇ ಕೆಲವು ಸೈಲೆನ್ಸರುಗಳ ತಳದಲ್ಲಿ ಸಣ್ಣ ರಂಧ್ರವಿರುತ್ತದೆ. ತೂತು ಬಿದ್ದಿದೆಯೆಂದು ಅದನ್ನು ಬೆಸೆದು ಮುಚ್ಚಿಸಿದರೆ ನಿಜವಾದ ತೂತು ಬೇಗನೆ ಬೀಳುತ್ತದೆ.

ಮೈಲ್ಡ್ ಸ್ಟೀಲ್ ಅಗ್ಗ, ಬಾಗಿಸಲು ಬೆಸೆಯಲು ಸುಲಭ, ಬಾಳಿಕೆ ಕಡಿಮೆ. ಅಲ್ಯೂಮಿನಿಯಂ-ಸಿಲಿಕಾನ್ ಪದರ ಕೊಟ್ಟ ಉಕ್ಕು ಮೇಲು. ಆದರೆ ವೆಲ್ಡಿಂಗಿನಲ್ಲಿ ಪದರ ಸುಟ್ಟ ಕಡೆ ತುಕ್ಕು ಶುರುವಾಗುತ್ತದೆ. ವಾಹನ ತಯಾರಕರು ಬಹಳವಾಗಿ ಬಳಸುವ 409 ಸ್ಟೇನ್‌ಲೆಸ್‌ನಲ್ಲಿ ಕ್ರೋಮಿಯಂ ಸುಮಾರು 11%. ಹೊರಮೈ ಕಂದುಗಟ್ಟಿದರೂ ಬೇಗ ತೂತಾಗದು. ಹೊಳಪು ಬೇಕೆಂದರೆ 304: ಸುಮಾರು 18% ಕ್ರೋಮಿಯಂ, 8% ನಿಕ್ಕಲ್. ಆದರೆ ಇದು ಹೆಚ್ಚು ಹಿಗ್ಗುವ ಲೋಹ. ಒಂದು ಮೀಟರ್ ಕೊಳವೆ 500 ಡಿಗ್ರಿ ಬಿಸಿಯೇರಿದರೆ 9 ಮಿಲಿಮೀಟರ್‌ನಷ್ಟು ಉದ್ದವಾಗುತ್ತದೆ. 409 ಆದರೆ 6ರ ಆಸುಪಾಸು. ನಡುವೆ ಬಳುಕುವ ಫ್ಲೆಕ್ಸ್ ಜೋಡಣೆ ಇಲ್ಲದಿದ್ದರೆ ಬೆಸುಗೆಯ ಅಂಚು ಬಿರುಕು ಬಿಡುತ್ತದೆ. ಮಂಗಳೂರು, ಕಾರವಾರದ ಉಪ್ಪುಗಾಳಿಗೆ 304 ಕೂಡ ಚುಕ್ಕೆಚುಕ್ಕೆಯಾಗಿ ಕೊರೆದುಹೋಗಬಹುದು. ಮಾಲಿಬ್ಡಿನಂ ಸೇರಿದ 316 ಅಲ್ಲಿ ಹೆಚ್ಚು ತಾಳುತ್ತದೆ. ಟರ್ಬೊ ಎಂಜಿನ್ನಿನ ಮ್ಯಾನಿಫೋಲ್ಡಿಗೆ ಟೈಟಾನಿಯಂ ಬೆರೆತ 321 ಸೂಕ್ತ. ಸತುವಿನ ಲೇಪವಿರುವ ಜಿಐ ಪೈಪು ಮಾತ್ರ ಬೇಡವೇ ಬೇಡ. ಅದರ ಸತು 419 ಡಿಗ್ರಿಗೇ ಕರಗುತ್ತದೆ, ಬೆಸೆಯುವಾಗ ಏಳುವ ಬಿಳಿ ಹೊಗೆ ವೆಲ್ಡರಿಗೆ ಜ್ವರ ಬರಿಸುತ್ತದೆ.

ಲೇಪಗಳಲ್ಲಿ ಸಾಮಾನ್ಯ ಪೌಡರ್ ಕೋಟಿಂಗ್ ಮ್ಯಾನಿಫೋಲ್ಡಿನ ಮೇಲೆ ಸುಟ್ಟು ಉದುರುತ್ತದೆ. ಸಿಲಿಕೋನ್ ಆಧಾರಿತ ಪೇಂಟು ಸುಮಾರು 600 ಡಿಗ್ರಿ ತಡೆದೀತು, ಹಂತಹಂತವಾಗಿ ಬಿಸಿ ಮಾಡಿ ಕೂರಿಸಿದರೆ ಮಾತ್ರ. ಮುಂಭಾಗಕ್ಕೆ ಹಣ ಹಾಕುವುದಾದರೆ ಸೆರಾಮಿಕ್ ಲೇಪಕ್ಕೆ ಹಾಕಬೇಕು. ಮರಳು ಸಿಡಿಸಿ ಒರಟು ಮಾಡಿದ ಲೋಹದ ಮೇಲೆ ಬಳಿಯುವ ಇದು ಶಾಖವನ್ನು ಕೊಳವೆಯೊಳಗೇ ಹಿಡಿದಿಡುವುದರಿಂದ ಬಾನೆಟ್ಟಿನಡಿಯ ವೈರು, ರಬ್ಬರು ಉಳಿಯುತ್ತವೆ, ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಬೇಗ ಬಿಸಿಯಾಗುತ್ತದೆ. ಗಾಜಿನ ನಾರಿನ ಪಟ್ಟಿ ಸುತ್ತಿದರೂ ಇದೇ ಲಾಭವಿದೆ, ಆದರೆ ಪಟ್ಟಿ ಮಳೆನೀರು ಹೀರಿ ಮೈಲ್ಡ್ ಸ್ಟೀಲನ್ನು ಅಡಗಿಕೊಂಡೇ ತಿಂದುಹಾಕುತ್ತದೆ.

ಲೋಹ ಯಾವುದಾದರೂ ಕನ್ವರ್ಟರ್ ತೆಗೆಯುವಂತಿಲ್ಲ. ಭಾರತದಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನದ ಮಾರ್ಪಾಡಿಗೆ ಮಿತಿ ಹಾಕಿದೆ. ಹೊಗೆ, ಶಬ್ದದ ಮಿತಿ ಮೀರಿದರೆ ದಂಡವೂ ಉಂಟು.