ಪಾಯದಲ್ಲಿ ನಿಂತ ನೀರು

ಕೆಲವು ವರ್ಷಗಳ ಹಿಂದಿನ ಮಾತು. ಡಾಬಕಾದಲ್ಲಿ ಒಂದು ಸಂಜೆ ಶಾಲೆ ಬಿಟ್ಟ ಹೊತ್ತಿಗೆ ನನ್ನ ವಿದ್ಯಾರ್ಥಿನಿಯೊಬ್ಬಳ ತಾಯಿ ಸೆರಗಿನಲ್ಲಿ ಸುತ್ತಿಕೊಂಡಿದ್ದ ಕಾಗದವನ್ನು ತೆಗೆದು ನನ್ನ ಮುಂದೆ ಹಿಡಿದಳು. "ಇದರಾಗ ಏನ್ ಬರದಾರ, ಜರಾ ಓದಿ ಹೇಳ್ರಿ ಅಕ್ಕೋರ" ಎಂದಳು. ಅದು ಮನೆ ಮಂಜೂರಾದ ಪತ್ರ. ಓದಿ ಹೇಳಿದೆ. "ನನ್ನ ಹೆಸರಿಗೇ ಏನ್ರಿ?" ಎಂದು ಎರಡು ಸಲ ಕೇಳಿದಳು.

ಆ ಪ್ರಶ್ನೆಯ ಹಿಂದೆ ದೊಡ್ಡ ಇತಿಹಾಸವಿದೆ. 1948ರ ವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ನಮ್ಮ ಬೀದರ ಸೀಮೆ 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಬಡವರಿಗೆ ನಿವೇಶನ, ಜನತಾ ಮನೆ ಎಂಬ ಮಾತು ಹಳ್ಳಿಗಳಲ್ಲಿ ಕೇಳಿಬಂದದ್ದು 1970ರ ದಶಕದಲ್ಲಿ, ದೇವರಾಜ ಅರಸರ ಕಾಲದಲ್ಲಿ. 1985ರಲ್ಲಿ ಕೇಂದ್ರದ ಇಂದಿರಾ ಆವಾಸ್, 1991-92ರಲ್ಲಿ ರಾಜ್ಯದ ಆಶ್ರಯ ಯೋಜನೆ ಬಂದವು. ರಾಜ್ಯದ ಯೋಜನೆಗಳಲ್ಲಿ ಸಾಮಾನ್ಯವಾಗಿ ಮನೆಯ ಹೆಣ್ಣುಮಗಳ ಹೆಸರಿಗೇ ಮಂಜೂರಾತಿ ಎಂದಾಯಿತು. 1993ರ ಪಂಚಾಯತ್ ರಾಜ್ ಕಾಯ್ದೆ ಬಂದ ಮೇಲೆ ಯಾರಿಗೆ ಮನೆ ಎಂದು ಆರಿಸುವ ಹೊಣೆ ಗ್ರಾಮಸಭೆಯ ಮೇಲೆ ಬಿತ್ತು.

ಅದೇ ವರ್ಷ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿಯನ್ನು ಕಳಿಸಿ ಜನ ಮಲಗಿದ್ದಾಗ, ಪಕ್ಕದ ಲಾತೂರ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಕಂಪವಾಯಿತು. ಸಾವಿರಾರು ಜನ ಸತ್ತರು. ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಮೇಲೆ ಭಾರವಾದ ಮಣ್ಣಿನ ಮಾಳಿಗೆ. ನೆರಳು ಕೊಟ್ಟ ಮನೆಯೇ ಗೋರಿಯಾಯಿತು. ನಮ್ಮ ಕಡೆಯ ಹಳೆಯ ಮನೆಗಳೂ ಅಂಥವೇ. ಗಟ್ಟಿ ಮನೆ ಎಂಬುದು ಶೋಕಿಯಲ್ಲ, ಜೀವದ ಪ್ರಶ್ನೆ ಎಂದು ನಮಗೆ ಗೊತ್ತಾದದ್ದು ಆಗ.

ಆದರೆ ಪಂಚಾಯತಿಯ ಕಷ್ಟವೂ ಸಣ್ಣದಲ್ಲ. ಗಾಂವಠಾಣದಲ್ಲಿ ಜಾಗವಿಲ್ಲ, ಸುತ್ತ ಖಾಸಗಿ ಹೊಲ. ದೂರದಲ್ಲಿ ನಿವೇಶನ ಕೊಟ್ಟರೆ ನೀರಿಲ್ಲ, ದಾರಿಯಿಲ್ಲ. ಎಷ್ಟು ಮನೆ ಎಂಬುದು ಮೇಲಿನಿಂದ ನಿಗದಿಯಾಗಿ ಬರುತ್ತದೆ. ಬೈಗುಳ ತಿನ್ನುವವರು ಮಾತ್ರ ಊರಿನ ಸದಸ್ಯರು. ಇನ್ನು ದುಡ್ಡು. ಇಂದಿರಾ ಆವಾಸ್ ಯೋಜನೆಯ ಜಾಗಕ್ಕೆ 2016ರಲ್ಲಿ ಪ್ರಧಾನಮಂತ್ರಿ ಆವಾಸ್ ಬಂದಾಗ ಬಯಲು ಪ್ರದೇಶಕ್ಕೆ ಗೊತ್ತುಮಾಡಿದ ನೆರವು 1.20 ಲಕ್ಷ ರೂಪಾಯಿ. ಬೀದರ ಸುತ್ತಲಿನ ಹಳ್ಳಿಗಳ ಕೆಂಪು ಕಲ್ಲಿನ ನೆಲಕ್ಕೂ ಔರಾದ ಕಡೆಯ ಎರೆಭೂಮಿಗೂ ಅದೇ ಲೆಕ್ಕ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಪಾಯ ಆಳಕ್ಕೆ ಹೋಗದಿದ್ದರೆ ಗೋಡೆ ಸೀಳುತ್ತದೆ. ಅರ್ಧ ದುಡ್ಡು ನೆಲದೊಳಗೇ ಹೋದರೆ ಮೇಲೆ ಕಟ್ಟುವುದು ಯಾವುದರಿಂದ?

ಹಣ ಬರುವುದು ಕಂತಿನಲ್ಲಿ. ಪಾಯ ಮುಗಿಸಬೇಕು, ಫೋಟೋ ಹೊಡೆಸಬೇಕು, ಆಮೇಲೆ ಹಣ. ಮೊದಲು ಕೈಯಿಂದ ಹಾಕುವ ಶಕ್ತಿ ಇದ್ದವರು ಮನೆಯನ್ನು ಕೇಳುವುದೇಕೆ?

ನಮ್ಮ ತಾಯಿಯೂ ಬಡ್ಡಿಗೆ ಸಾಲ ತಂದು ಪಾಯ ತೆಗೆಸಿದಳು. ಫೋಟೋ ಆಯಿತು, ಹಣ ಬರಲಿಲ್ಲ. ಖಾತೆಯಲ್ಲಿನ ಹೆಸರಿಗೂ ಪಟ್ಟಿಯಲ್ಲಿನ ಹೆಸರಿಗೂ ಒಂದು ಅಕ್ಷರದ ವ್ಯತ್ಯಾಸ! ಅದನ್ನು ತಿದ್ದಿಸಲು ಅಲೆದಾಡುವಷ್ಟರಲ್ಲಿ ಮಳೆಗಾಲ ಬಂದು ಪಾಯದಲ್ಲಿ ನೀರು ನಿಂತಿತು. ಹಳೆಯ ಗುಡಿಸಲನ್ನು ಆಗಲೇ ಕಿತ್ತಿದ್ದರು. ಕಿವಿಯ ಓಲೆ ಹೋಯಿತು. ಮಗಳು ತಮ್ಮನನ್ನು ನೋಡಿಕೊಳ್ಳಲು ನಿಂತು ಎರಡು ತಿಂಗಳು ಶಾಲೆ ತಪ್ಪಿಸಿದಳು. ಒಂದು ಅಕ್ಷರದ ತಪ್ಪಿಗೆ ನಾವು ಶಾಲೆಯಲ್ಲಿ ಅರ್ಧ ಅಂಕ ಕಳೆಯುತ್ತೇವೆ. ಅವಳು ಒಂದು ವರ್ಷ ಕಳೆದುಕೊಂಡಳು.

ಕೊನೆಗೂ ಛತ್ತು ಬಿತ್ತು. ಹಾಲು ಉಕ್ಕಿಸಿದ ದಿನ ನನ್ನನ್ನು ಕರೆದಿದ್ದಳು. ಗೋಡೆಗೆ ಗಿಲಾವು ಇಲ್ಲ, ಸಾಲ ತೀರಿಲ್ಲ. ಆದರೂ ಹೊಸ್ತಿಲ ಮೇಲೆ ಕೂತು ಮೆಲ್ಲಗೆ ಹೇಳಿದಳು: "ಇನ್ನ ಹೊರಗ ನಡಿ ಅಂತ ನನಗ ಯಾರೂ ಅನ್ನಂಗಿಲ್ರಿ, ಅಕ್ಕೋರ."

ನಿಮ್ಮೂರಿನಲ್ಲಿ ಗ್ರಾಮಸಭೆ, ವಾರ್ಡ್ ಸಭೆ ಕರೆದಾಗ ಹೋಗಿರಿ, ತಾಯಂದಿರೆ. ಪಟ್ಟಿಯನ್ನು ಗಟ್ಟಿಯಾಗಿ ಓದಿಸಿರಿ. ಓದು ಬಾರದವಳ ಹೆಸರಿನ ಅಕ್ಷರ ಸರಿಯಿದೆಯೇ ನೋಡಿರಿ. ನಮ್ಮ ಓದು ಅಷ್ಟಕ್ಕಾದರೂ ಬರಲಿ.